ತೂಫಾನಿಗಿಂತ ಮೊದಲು ತಲುಪಿದ ದನಿ

'ತೂಫಾನು' ಎಂಬ ಶಬ್ದವನ್ನು ನಮ್ಮ ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ಅರಬಿಯಿಂದ ಬಂದು ಈ ನಾಡಿನ ಹಲವು ಭಾಷೆಗಳಲ್ಲಿ ನೆಲೆನಿಂತ ಶಬ್ದವದು. ಪ್ರವಾದಿ ನೂಹ್‌ರ ಕಾಲದ ಮಹಾಪ್ರಳಯಕ್ಕೆ ಕುರ್‌ಆನ್ ಬಳಸಿರುವುದೂ ಅದನ್ನೇ. ಬಂಗಾಳದ ಮೀನುಗಾರನ ಬಾಯಲ್ಲೂ ಅದೇ ಶಬ್ದವಿದೆ. ಆದರೆ ಇಂದು ಜಗತ್ತೇ ಬಳಸುವ 'ಸೈಕ್ಲೋನ್' ಎಂಬ ಇಂಗ್ಲಿಷ್ ಶಬ್ದ ಹುಟ್ಟಿದ್ದೂ ಬಂಗಾಳದಲ್ಲೇ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಆಂಗ್ಲ ಅಧಿಕಾರಿ 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ ಅದನ್ನು ಮೊದಲ ಬಾರಿಗೆ ಬಳಸಿದ. ಸುರುಳಿ ಸುತ್ತಿಕೊಂಡ ಹಾವನ್ನು ಸೂಚಿಸುವ ಗ್ರೀಕ್ ಮೂಲದಿಂದ ಅವನು ಆ ಶಬ್ದವನ್ನು ಕಟ್ಟಿದ್ದ.

ಆ ಹಾವಿನ ಕಡಿತವನ್ನು ಬಂಗಾಳದಷ್ಟು ತಿಂದ ನೆಲ ಇನ್ನೊಂದಿಲ್ಲ. ಬಂಗಾಳ ಕೊಲ್ಲಿ ಉತ್ತರಕ್ಕೆ ಹೋದಂತೆ ಆಲಿಕೆಯ ಹಾಗೆ ಕಿರಿದಾಗುತ್ತದೆ, ಅದರ ತಳವೂ ಆಳವಿಲ್ಲದೆ ಮೇಲೇರುತ್ತದೆ. ಬಿರುಗಾಳಿ ತಳ್ಳಿಕೊಂಡು ಬರುವ ನೀರಿಗೆ ಹರಡಿಕೊಳ್ಳಲು ಜಾಗವಿಲ್ಲದೆ ಅದು ಗೋಡೆಯಂತೆ ಎದ್ದು ನಿಲ್ಲುತ್ತದೆ. ಎದುರಿಗಿರುವುದು ಗಂಗಾ, ಬ್ರಹ್ಮಪುತ್ರಾ, ಮೇಘನಾ ನದಿಗಳು ತಂದು ಸುರಿದ ಮೆಕ್ಕಲು ಮಣ್ಣಿನ ಚಪ್ಪಟೆ ನೆಲ. ಅಲ್ಲಿ ಗುಡ್ಡವೂ ಇಲ್ಲ, ಬಂಡೆಯೂ ಇಲ್ಲ. ಚಂಡಮಾರುತದಲ್ಲಿ ಜನರನ್ನು ಕೊಲ್ಲುವುದು ಹೆಚ್ಚಾಗಿ ಗಾಳಿಯಲ್ಲ, ಈ ನೀರು.

1970ರ ನವೆಂಬರ್‌ನ ಒಂದೇ ರಾತ್ರಿ ಇಲ್ಲಿ ಕನಿಷ್ಠ 3 ಲಕ್ಷ ಜನ ಸತ್ತರು. 2020ರ ಮೇ ತಿಂಗಳಲ್ಲಿ ಅಂಫನ್ ಚಂಡಮಾರುತ ಅಪ್ಪಳಿಸಿದಾಗ ಬಾಂಗ್ಲಾದೇಶದಲ್ಲಿ ಸತ್ತವರು ಮೂವತ್ತರೊಳಗೆ. ಎರಡೂ ಬಿರುಗಾಳಿಗಳು ಒಂದೇ ಬಲದವಲ್ಲ, ಬಂದೆರಗಿದ ಜಾಗವೂ ಒಂದೇ ಅಲ್ಲ. ಆದರೂ ಈ ಐವತ್ತು ವರ್ಷಗಳಲ್ಲಿ ಆ ನಾಡಿನ ಜನಸಂಖ್ಯೆ ಏಳು ಕೋಟಿಯಿಂದ ಹದಿನಾರು ಕೋಟಿಗೂ ಮೇಲೇರಿತ್ತು. ಸಮುದ್ರವೇನೂ ಸೌಮ್ಯವಾಗಿರಲಿಲ್ಲ. ಹಾಗಾದರೆ ಬದಲಾದದ್ದು ಏನು? ಬಡವರ ಸಾವನ್ನು 'ವಿಧಿ' ಎಂದು ಕರೆದು ಕೈತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲೂ ಇರುವುದರಿಂದ ಈ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿದೆ.

ಅಬುಲ್ ಫಝಲ್ ಬರೆದಿಟ್ಟ ಪ್ರಳಯ

ಈ ತೀರದ ತೂಫಾನಿನ ಬಹಳ ಹಳೆಯ ದಾಖಲೆಯೊಂದು ಅಕ್ಬರನ ಆಸ್ಥಾನದ ವಿದ್ವಾಂಸ ಅಬುಲ್ ಫಝಲ್‌ನ 'ಐನ್-ಎ-ಅಕ್ಬರಿ'ಯಲ್ಲಿದೆ. ಕಂದಾಯ, ಬೆಳೆ, ಪ್ರಾಂತಗಳ ವಿವರಗಳ ನಡುವೆ ಬಕ್ಲಾ ಎಂಬ ಸರ್ಕಾರ್‌ನ ಪ್ರಸ್ತಾಪ ಬರುತ್ತದೆ. ಇಂದಿನ ಬಾಂಗ್ಲಾದೇಶದ ಬಾರಿಸಾಲ್ ಸೀಮೆಯದು. ಅಕ್ಬರನ ಆಳ್ವಿಕೆಯ 29ನೇ ವರ್ಷದಲ್ಲಿ, ಅಂದರೆ 1584ರ ಸುಮಾರಿಗೆ, ಒಂದು ಮಧ್ಯಾಹ್ನ ಸಮುದ್ರ ಅಲ್ಲಿಗೆ ನುಗ್ಗಿತು. ಅಲ್ಲಿನ ರಾಜ ಆ ಹೊತ್ತಿನಲ್ಲಿ ಔತಣದಲ್ಲಿದ್ದ. ಅವನು ದೋಣಿ ಹತ್ತಿದ. ಅವನ ಮಗ ಕೆಲವರೊಂದಿಗೆ ದೇವಾಲಯವೊಂದರ ನೆತ್ತಿಯನ್ನೇರಿದ. ಒಬ್ಬ ವ್ಯಾಪಾರಿ ಎತ್ತರದ ಅಟ್ಟವೊಂದನ್ನು ಹತ್ತಿಕೊಂಡ. ಐದು ಗಂಟೆಗಳ ಕಾಲ ಗುಡುಗು, ಮಿಂಚು, ಗಾಳಿ, ಅಲೆಗಳ ಹಾವಳಿ ನಡೆಯಿತು. ಸುಮಾರು 2 ಲಕ್ಷ ಜೀವಗಳು ನಾಶವಾದವು. ಆ ದೇವಾಲಯ ಮತ್ತು ಆ ಎತ್ತರದ ಜಾಗ ಮಾತ್ರ ಉಳಿದವು.

ಕೆಲವೇ ಸಾಲುಗಳ ಈ ದಾಖಲೆಯಲ್ಲಿ ಮುಂದಿನ ನಾಲ್ಕು ಶತಮಾನಗಳ ಪಾಠವೆಲ್ಲ ಅಡಗಿದೆ. ಉಳಿದವರು ಯಾರು? ನೀರಿಗಿಂತ ಎತ್ತರವಾದ, ಗಟ್ಟಿಯಾದ ಕಟ್ಟಡವನ್ನು ಸಮಯಕ್ಕೆ ಸರಿಯಾಗಿ ಮುಟ್ಟಿದವರು. ಅಂಥ ಕಟ್ಟಡಗಳು ಯಾರ ಸುತ್ತ ಇದ್ದವು? ರಾಜಕುಮಾರನ ಸುತ್ತ, ಸಾಹುಕಾರನ ಸುತ್ತ. ಹುಲ್ಲು ಮಾಡಿನ ಗುಡಿಸಲಲ್ಲಿದ್ದ ರೈತನಿಗೆ ಹತ್ತಲು ಏನೂ ಇರಲಿಲ್ಲ.

ನಾವಿಕರ ಭಾಷೆಯ ಎಚ್ಚರಿಕೆ

ಬ್ರಿಟಿಷರ ಕಾಲಕ್ಕೆ ಬಿರುಗಾಳಿಯ ಶಾಸ್ತ್ರ ಬೆಳೆಯಿತು. ಆದರೆ ಅದು ಬೆಳೆದದ್ದು ಹಡಗುಗಳಿಗಾಗಿ. ಕಲ್ಕತ್ತೆಯ ಬಳಿ ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರೊಂದನ್ನು ಕಟ್ಟುವ ಯೋಜನೆ ಬಂದಾಗ ಪಿಡಿಂಗ್ಟನ್ 1853ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಗೆ ಪತ್ರ ಬರೆದು, ಒಂದಲ್ಲ ಒಂದು ದಿನ ತೂಫಾನಿನ ಅಲೆ ಈ ಜಾಗವನ್ನು ಮುಳುಗಿಸಲಿದೆ ಎಂದು ಎಚ್ಚರಿಸಿದ್ದ. ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು. 1867ರ ನವೆಂಬರ್‌ನಲ್ಲಿ ತೂಫಾನು ಬಂದು ಅದನ್ನು ಹಾಳುಗೆಡವಿತು, ಬಂದರು ಪಾಳುಬಿತ್ತು. ಆ ವೇಳೆಗೆ ಪಿಡಿಂಗ್ಟನ್ ತೀರಿಹೋಗಿ ಒಂಬತ್ತು ವರ್ಷಗಳಾಗಿದ್ದವು.

1864ರ ಅಕ್ಟೋಬರ್‌ನಲ್ಲಿ ಕಲ್ಕತ್ತೆಗೆ ಬಡಿದ ಚಂಡಮಾರುತದಲ್ಲಿ ಸುಮಾರು 60 ಸಾವಿರ ಜನ ಸತ್ತರು, ಬಂದರಿನ ಹಡಗುಗಳು ಚೂರುಚೂರಾದವು. ಅದಾದ ಮೇಲೆ ಕಲ್ಕತ್ತಾ ಬಂದರಿಗೆ ಎಚ್ಚರಿಕೆಯ ವ್ಯವಸ್ಥೆ ಬಂತು. 1875ರಲ್ಲಿ ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮರುವರ್ಷವೇ, 1876ರ ಅಕ್ಟೋಬರ್ 31ರ ರಾತ್ರಿ, ಬಾಕರ್‌ಗಂಜ್ ತೀರಕ್ಕೆ ಸಮುದ್ರ ನುಗ್ಗಿ ಒಂದು ಲಕ್ಷದಷ್ಟು ಜನರನ್ನು ಕೊಚ್ಚಿಕೊಂಡು ಹೋಯಿತು. ನೀರು ಇಳಿದ ಮೇಲೆ ಕಾಲರಾ ಮತ್ತು ಹಸಿವು ಹೆಚ್ಚುಕಡಿಮೆ ಅಷ್ಟೇ ಜನರನ್ನು ಬಲಿ ತೆಗೆದುಕೊಂಡವು. ಹವಾಮಾನ ಇಲಾಖೆ ಇತ್ತು, ತಂತಿ ಇತ್ತು, ಬಂದರಿಗೆ ಸಂಕೇತಗಳಿದ್ದವು. ಹಳ್ಳಿಗೆ ಏನೂ ಇರಲಿಲ್ಲ.

ಆ ಬಂದರು ಸಂಕೇತಗಳ ಕಥೆಯನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಒಂದರಿಂದ ಹನ್ನೊಂದರವರೆಗಿನ ಆ ಸಂಖ್ಯೆಗಳು ಹಡಗಿನ ಕಪ್ತಾನನಿಗಾಗಿ ರೂಪಿಸಿದವು. ಅಂಕಿ ದೊಡ್ಡದಾದಂತೆ ಅಪಾಯವೂ ಹೆಚ್ಚುತ್ತದೆ ಎಂದು ಸಾಮಾನ್ಯನು ತಿಳಿಯುತ್ತಾನೆ. ಹಾಗಲ್ಲ. 8, 9, 10 ಈ ಮೂರೂ 'ಮಹಾ ಅಪಾಯ'ದ ಸಂಕೇತಗಳೇ. ಬಿರುಗಾಳಿ ಬಂದರನ್ನು ತನ್ನ ಎಡಕ್ಕೆ ಬಿಟ್ಟು ಹಾದುಹೋದರೆ ಎಂಟು, ಬಲಕ್ಕೆ ಬಿಟ್ಟು ಹೋದರೆ ಒಂಬತ್ತು, ಬಂದರಿನ ಮೇಲೆಯೇ ಅಥವಾ ತೀರಾ ಸಮೀಪ ಬಂದರೆ ಹತ್ತು. ಹಡಗನ್ನು ಯಾವ ಕಡೆಗೆ ತಿರುಗಿಸಬೇಕೆಂದು ಯೋಚಿಸುವವನಿಗೆ ಇದು ಅಮೂಲ್ಯ ಮಾಹಿತಿ. ಮಕ್ಕಳನ್ನೂ ಹಸುವನ್ನೂ ಕಟ್ಟಿಕೊಂಡು ಕೂತ ತಾಯಿಗೆ ಇದರಿಂದ ಏನು ತಿಳಿದೀತು? ನಿನ್ನೆ 'ಎಂಟು' ಅಂದರು, ಇಂದು 'ಒಂಬತ್ತು' ಅಂದರು, ಇನ್ನೂ ಒಂದು ಬಾಕಿಯಿದೆ ಎಂದು ಆಕೆ ಕಾದು ಕುಳಿತರೆ ತಪ್ಪು ಆಕೆಯದಲ್ಲ. ಈ ಸಂಕೇತಗಳೇ ಬ್ರಿಟಿಷರು ಹೋದ ಮೇಲೂ ದಶಕಗಳ ಕಾಲ ಹಳ್ಳಿಗರಿಗೆ ಎಚ್ಚರಿಕೆಯಾಗಿ ಮುಂದುವರಿದವು.

1970ರ ರಮಝಾನ್ ರಾತ್ರಿ

1970ರ ನವೆಂಬರ್ 12. ರಮಝಾನ್ ತಿಂಗಳ ನಡುಭಾಗ. ಚಾಂದ್ರಮಾನದ ತಿಂಗಳ ನಡುಭಾಗವೆಂದರೆ ಹುಣ್ಣಿಮೆ, ಹುಣ್ಣಿಮೆಯೆಂದರೆ ಕಡಲಿನ ದೊಡ್ಡ ಉಬ್ಬರ. ಅಂದಿನ ಪೂರ್ವ ಪಾಕಿಸ್ತಾನದ ಭೋಲಾ, ಹಾತಿಯಾ, ಮನ್‌ಪುರಾ ದ್ವೀಪಗಳಲ್ಲಿ ಭತ್ತ ಕೊಯ್ಲಿಗೆ ಬಂದಿತ್ತು. ಕೂಲಿಗಾಗಿ ಒಳನಾಡಿನಿಂದ ಬಂದವರೂ ಅಲ್ಲಿ ತುಂಬಿದ್ದರು. ನದಿ ಮೊನ್ನೆ ಮೊನ್ನೆ ಎಬ್ಬಿಸಿದ 'ಚರ್' ಎಂಬ ಮೆಕ್ಕಲು ನೆಲಗಳ ಮೇಲೆ ಭೂಮಿಯಿಲ್ಲದ ಬಡವರು ಗುಡಿಸಲು ಹಾಕಿಕೊಂಡಿದ್ದರು. 1960ರ ದಶಕದಲ್ಲಿ ಕಟ್ಟಿದ ಮಣ್ಣಿನ ಒಡ್ಡುಗಳು ಹೊಲಕ್ಕೆ ಉಪ್ಪು ನೀರು ನುಗ್ಗದಂತೆ ತಡೆಯಬಲ್ಲವಾಗಿದ್ದವು. ತೂಫಾನಿನ ಅಲೆಯನ್ನು ತಡೆಯುವ ಶಕ್ತಿ ಅವಕ್ಕಿರಲಿಲ್ಲ.

ನಡುರಾತ್ರಿಯ ಹೊತ್ತಿಗೆ, ಉಬ್ಬರದ ವೇಳೆಯಲ್ಲೇ, ಅಲೆ ಬಂತು. ಕೆಲವೆಡೆ ನೀರು ಆರು ಮೀಟರಿಗಿಂತಲೂ ಎತ್ತರಕ್ಕೆ ಏರಿತ್ತು. ತಜುಮುದ್ದೀನ್ ಎಂಬ ಒಂದೇ ಠಾಣೆಯಲ್ಲಿದ್ದ 1,67,000 ಜನರಲ್ಲಿ ಶೇಕಡಾ 45ರಷ್ಟು ಮಂದಿ ಬೆಳಗಾಗುವಷ್ಟರಲ್ಲಿ ಇರಲಿಲ್ಲ.

ಢಾಕಾದ ಕಾಲರಾ ಸಂಶೋಧನಾಲಯದ ವೈದ್ಯರಾದ ಆಲ್‌ಫ್ರೆಡ್ ಸಾಮರ್ ಮತ್ತು ವಿಲಿ ಮೋಸ್ಲೆ ಬದುಕಿ ಉಳಿದವರ ಸಮೀಕ್ಷೆ ಮಾಡಿದರು. ಅವರು ದಾಖಲಿಸಿದ ಒಂದು ವಿವರ ಮರೆಯುವಂಥದ್ದಲ್ಲ. ಉಳಿದವರ ಎದೆ, ತೋಳು, ತೊಡೆಗಳ ಒಳಭಾಗದ ಚರ್ಮ ಕಿತ್ತುಹೋಗಿತ್ತು. ರಾತ್ರಿಯಿಡೀ ಅಲೆಯ ಹೊಡೆತದಲ್ಲಿ ಮರವನ್ನು ತಬ್ಬಿಹಿಡಿದುಕೊಂಡಿದ್ದರ ಗುರುತದು. ಹಾಗೆ ಹಿಡಿದುಕೊಳ್ಳಲು ಶಕ್ತಿಯಿದ್ದವರು ಯಾರು? ಹರೆಯದ ಗಂಡಸರು. ಸತ್ತವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಹತ್ತು ವರ್ಷದೊಳಗಿನ ಮಕ್ಕಳು. ಹೆಂಗಸರು ಮತ್ತು ಮುದುಕರ ಸಾವಿನ ಪ್ರಮಾಣವೂ ಗಂಡಸರದಕ್ಕಿಂತ ಹೆಚ್ಚಾಗಿತ್ತು.

ಎಚ್ಚರಿಕೆ ಇರಲಿಲ್ಲವೇ? ಇತ್ತು. ಉಪಗ್ರಹ ಬಿರುಗಾಳಿಯ ಚಿತ್ರ ತೆಗೆದಿತ್ತು. ರೇಡಿಯೋ ಸಾರಿತ್ತು. ಹವಾಮಾನ ತಜ್ಞರಾದ ನೀಲ್ ಫ್ರಾಂಕ್ ಮತ್ತು ಎಸ್. ಎ. ಹುಸೈನ್ ಆಮೇಲೆ ಬರೆದ ಪ್ರಕಾರ, ಆ ಪ್ರದೇಶದ ಶೇಕಡಾ 90ಕ್ಕೂ ಹೆಚ್ಚು ಜನರಿಗೆ ಬಿರುಗಾಳಿ ಬರುವ ವಿಷಯ ಗೊತ್ತಿತ್ತು. ಗಟ್ಟಿ ಕಟ್ಟಡಗಳಲ್ಲಿ ಆಸರೆ ಪಡೆದವರು ಮಾತ್ರ ಶೇಕಡಾ ಒಂದರಷ್ಟು.

ಪರಿಹಾರ ಕಾರ್ಯದಲ್ಲಿ ಇಸ್ಲಾಮಾಬಾದ್ ತೋರಿದ ಉದಾಸೀನ ಪೂರ್ವ ಬಂಗಾಳದ ಜನರಲ್ಲಿ ಉರಿಯುತ್ತಿದ್ದ ಅಸಮಾಧಾನಕ್ಕೆ ತುಪ್ಪ ಸುರಿಯಿತು. ಒಂದು ತಿಂಗಳೊಳಗೆ, ಡಿಸೆಂಬರ್ 7ರಂದು ಚುನಾವಣೆ ನಡೆಯಿತು. ಅವಾಮಿ ಲೀಗ್ ಪೂರ್ವ ಪಾಕಿಸ್ತಾನದ ಎರಡು ಸ್ಥಾನಗಳ ಹೊರತು ಉಳಿದೆಲ್ಲವನ್ನೂ ಗೆದ್ದಿತು. ಮುಂದಿನ ವರ್ಷ ರಕ್ತಪಾತದ ನಡುವೆ ಬಾಂಗ್ಲಾದೇಶ ಹುಟ್ಟಿತು.

ವಿಧಿಯ ತಲೆಗೆ ಕಟ್ಟಿದ ತಪ್ಪು

ಶೇಕಡಾ 90 ಮತ್ತು ಶೇಕಡಾ ಒಂದು, ಈ ಎರಡು ಅಂಕಿಗಳ ನಡುವಿನ ಕಂದರವನ್ನು ವಿವರಿಸಲು ಹಲವರು ಒಂದು ಸುಲಭದ ಕಾರಣ ಕೊಟ್ಟರು. ಇವರು ಅಲ್ಲಾಹನ ಇಚ್ಛೆಯೆಂದು ಕೈಕಟ್ಟಿ ಕೂರುವ ಜನ, ವಿಧಿವಾದಿಗಳು, ಎಚ್ಚರಿಕೆ ಕೊಟ್ಟು ಏನು ಪ್ರಯೋಜನ ಎಂಬ ಮಾತು ಹೊರಗಿನವರಿಂದಲೂ ಕೇಳಿಬಂತು, ಢಾಕಾದ ಓದಿದವರಿಂದಲೂ ಕೇಳಿಬಂತು.

ಅಲ್ಲಾಹನ ನಿರ್ಣಯವನ್ನು ನಂಬುವುದಕ್ಕೂ ಕೈಕಟ್ಟಿ ಕೂರುವುದಕ್ಕೂ ವ್ಯತ್ಯಾಸವಿದೆ. ಇಸ್ಲಾಮಿನ ಚರಿತ್ರೆಯಲ್ಲಿ ಇದು ಇತ್ಯರ್ಥವಾಗಿ ಹದಿಮೂರು ಶತಮಾನಗಳೇ ಕಳೆದಿವೆ. ಖಲೀಫಾ ಉಮರ್ ಸಿರಿಯಾದತ್ತ ಹೊರಟಿದ್ದಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಬಂತು. ಅವರು ಮರಳಿ ಹೋಗಲು ನಿರ್ಧರಿಸಿದರು. ಇದು ಅಲ್ಲಾಹನ ವಿಧಿಯಿಂದ ಪಲಾಯನವಲ್ಲವೇ ಎಂದು ಸೇನಾನಿ ಅಬೂ ಉಬೈದಾ ಕೇಳಿದರು. ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬರ್ಥದ ಉತ್ತರವನ್ನು ಉಮರ್ ಕೊಟ್ಟರು. ಭೋಲಾದ ರೈತನಿಗೆ ಈ ಕಥೆ ಗೊತ್ತಿತ್ತೋ ಇಲ್ಲವೋ, ಆದರೆ ಬದುಕಲು ಅವನು ಮಾಡಿದ ಪ್ರಯತ್ನ ಅವನ ಎದೆಯ ಗಾಯಗಳಲ್ಲಿ ಬರೆದಿತ್ತು. ವಿಧಿಯೆಂದು ಸುಮ್ಮನೆ ಕೂತವನು ಬೆಳಗಿನವರೆಗೆ ಮರವನ್ನು ತಬ್ಬಿ ಹಿಡಿಯುವುದಿಲ್ಲ.

ನಿಜವಾದ ಕಾರಣಗಳು ಬೇರೆಯೇ ಇದ್ದವು. ಹೋಗಲು ಜಾಗವಿರಲಿಲ್ಲ. ಮೈಲುಗಟ್ಟಲೆ ಸುತ್ತ ಒಂದು ಪಕ್ಕಾ ಕಟ್ಟಡವಿಲ್ಲದ ಊರಿನಲ್ಲಿ 'ಸುರಕ್ಷಿತ ಸ್ಥಳಕ್ಕೆ ತೆರಳಿ' ಎಂಬ ಮಾತಿಗೆ ಏನರ್ಥ? ಮನೆ ಬಿಟ್ಟು ಹೋದರೆ ಇದ್ದೊಂದು ಹಸುವನ್ನು, ಭತ್ತದ ಕಣಜವನ್ನು ಕಾಯುವವರು ಯಾರು? ಅಲ್ಲದೆ, ಕೆಲವೇ ವಾರಗಳ ಹಿಂದೆ ಅಕ್ಟೋಬರ್‌ನಲ್ಲಿ ಇಂಥದೇ ಎಚ್ಚರಿಕೆ ಬಂದು, ಬಿರುಗಾಳಿ ಅಷ್ಟೊಂದು ಹಾನಿ ಮಾಡದೆ ಹೋಗಿತ್ತು.

ನೆರೆಮನೆಯವನೇ ದೂತ

ಹೊಸ ದೇಶ ಈ ಪಾಠವನ್ನು ಬೇಗನೆ ಕಲಿತದ್ದು ಗಮನಾರ್ಹ. ಯುದ್ಧದಿಂದ ಜರ್ಝರಿತವಾಗಿದ್ದ ಬಾಂಗ್ಲಾದೇಶದಲ್ಲಿ 1972ರಲ್ಲೇ ರೆಡ್‌ಕ್ರಾಸ್ ನೆರವಿನಿಂದ 'ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ' ಆರಂಭವಾಯಿತು. 1973ರಿಂದ ಸರಕಾರ ಮತ್ತು ಇಂದು ರೆಡ್ ಕ್ರೆಸೆಂಟ್ ಎಂದು ಕರೆಯಲಾಗುವ ಸಂಸ್ಥೆ ಅದರಲ್ಲಿ ಪಾಲುದಾರರಾದವು. ಅದೇ ವರ್ಷಗಳಲ್ಲಿ ಜನರೂ ಜಾನುವಾರುಗಳೂ ಏರಿ ನಿಲ್ಲಬಹುದಾದ ಮಣ್ಣಿನ ದಿಬ್ಬಗಳನ್ನು ಕಟ್ಟಲಾಯಿತು. ಜನ ಅವನ್ನು 'ಮುಜೀಬ್ ಕಿಲ್ಲಾ' ಎಂದು ಕರೆದರು. ಹಸುವನ್ನು ಬಿಟ್ಟು ರೈತ ಬರುವುದಿಲ್ಲ ಎಂಬ ಸತ್ಯವನ್ನು ಒಪ್ಪಿಕೊಂಡ ಯೋಜನೆಯದು.

ಈ ಕಾರ್ಯಕ್ರಮದ ತಿರುಳು ಯಂತ್ರವಲ್ಲ, ಮನುಷ್ಯ. ಪ್ರತಿ ಹಳ್ಳಿಯಲ್ಲೂ ಅಲ್ಲಿಯವರೇ ಆದ ಸ್ವಯಂಸೇವಕರ ಒಂದು ಘಟಕ. ಅವರಿಗೆ ಸಂಬಳವಿಲ್ಲ. ಕೈಗೆ ಒಂದು ಟ್ರಾನ್ಸಿಸ್ಟರ್, ಒಂದು ಮೆಗಾಫೋನು, ಕೈಯಲ್ಲಿ ತಿರುಗಿಸುವ ಸೈರನ್, ಮಳೆಯಂಗಿ, ಟಾರ್ಚು. ಘಟಕದೊಳಗೆ ಕೆಲಸ ಹಂಚಿಕೆಯಾಗಿರುತ್ತದೆ. ಕೆಲವರು ಎಚ್ಚರಿಕೆ ಸಾರಬೇಕು, ಕೆಲವರು ಜನರನ್ನು ಆಸರೆ ತಾಣಕ್ಕೆ ಕರೆದೊಯ್ಯಬೇಕು, ಕೆಲವರು ರಕ್ಷಣೆಗೆ, ಕೆಲವರು ಪ್ರಥಮ ಚಿಕಿತ್ಸೆಗೆ. ಓದು ಬಾರದವರಿಗಾಗಿ ಬಾವುಟಗಳ ಏರ್ಪಾಡಾಯಿತು. ಅಪಾಯ ಹೆಚ್ಚಿದಂತೆ ಒಂದು, ಎರಡು, ಮೂರು ಬಾವುಟಗಳು. ಕಪ್ತಾನನ ಅಂಕಿಗಳು ಹೀಗೆ ಹಳ್ಳಿಯ ಕಣ್ಣಿಗೆ ಅರ್ಥವಾಗುವ ಭಾಷೆಗೆ ಇಳಿದವು. ಮಸೀದಿಯ ಧ್ವನಿವರ್ಧಕವೂ ಈ ಕೆಲಸಕ್ಕೆ ಸೇರಿಕೊಂಡಿತು. ಅಝಾನ್ ಕೂಗುವ ಅದೇ ಮುಅಝ್ಝಿನ್ ದನಿಯಲ್ಲಿ 'ಹೊರಡಿ' ಎಂಬ ಮಾತು ಬಂದರೆ ಅದರ ತೂಕವೇ ಬೇರೆ.

ರೇಡಿಯೋದಲ್ಲಿ ಕೇಳಿದ ಅಪರಿಚಿತ ಅಧಿಕಾರಿಯ ಮಾತನ್ನು ನಂಬುವುದಕ್ಕೂ, ದಿನಾ ಹೊಲದಲ್ಲಿ ಕಾಣುವ ನೆರೆಮನೆಯವನು ನಡುರಾತ್ರಿ ಮಳೆಯಲ್ಲಿ ನೆನೆಯುತ್ತಾ ಬಂದು ಬಾಗಿಲು ಬಡಿಯುವುದಕ್ಕೂ ಇರುವ ಅಂತರವೇ ಈ ವ್ಯವಸ್ಥೆಯ ಗುಟ್ಟು.

1991: ಕಟ್ಟಡ ಮುಟ್ಟಿದವರು, ಮುಟ್ಟದವರು

ಆದರೆ ಬಾಗಿಲು ಬಡಿದವನು ಎಲ್ಲಿಗೆ ಕರೆದೊಯ್ಯಬೇಕು? 1991ರ ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್, ಕಾಕ್ಸ್ ಬಜಾರ್, ಸಂದ್ವೀಪ್, ಕುತುಬ್ದಿಯಾಗಳಿಗೆ ತೂಫಾನು ಎರಗಿದಾಗ ಈ ಪ್ರಶ್ನೆ ಮತ್ತೆ ಎದುರಾಯಿತು. ಇಡೀ ತೀರದಲ್ಲಿ ಆಗ ಇದ್ದ ಚಂಡಮಾರುತ ಆಶ್ರಯತಾಣಗಳು ಸುಮಾರು 300. ಅವು ಮೂರೂವರೆ ಲಕ್ಷದಷ್ಟು ಜನರ ಜೀವ ಉಳಿಸಿದವು. ಆದರೂ ಸತ್ತವರ ಸಂಖ್ಯೆ 1,38,000 ದಾಟಿತು.

ಬಳಿಕ ನಡೆದ ಒಂದು ಸಮೀಕ್ಷೆ ವಿಧಿವಾದದ ವಾದಕ್ಕೆ ಕೊನೆಯ ಉತ್ತರ ಕೊಟ್ಟಿತು. ಸಮೀಕ್ಷೆಗೊಳಗಾದ ಕುಟುಂಬಗಳಲ್ಲಿ, ಕಾಂಕ್ರೀಟು ಅಥವಾ ಇಟ್ಟಿಗೆಯ ಕಟ್ಟಡ ತಲುಪದವರಲ್ಲಿ ಸುಮಾರು ಶೇಕಡಾ 22 ಮಂದಿ ಸತ್ತಿದ್ದರು. ತಲುಪಿದವರೆಲ್ಲರೂ ಬದುಕಿದ್ದರು. ಒಬ್ಬರೂ ಸತ್ತಿರಲಿಲ್ಲ. ಇಬ್ಬರ ನಂಬಿಕೆಯೂ ಒಂದೇ, ಓದಿದ ನಮಾಝೂ ಒಂದೇ. ನಡುವೆ ಇದ್ದದ್ದು ಒಂದು ಗೋಡೆ, ಒಂದು ಮೆಟ್ಟಿಲಸಾಲು. 1584ರ ಬಕ್ಲಾದ ಪಾಠವೇ ಅಂಕಿಗಳ ರೂಪದಲ್ಲಿ ಮರಳಿತ್ತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದೇ ರಾತ್ರಿ ಚಿತ್ತಗಾಂಗ್‌ನ ಪತೆಂಗಾ ವಾಯುನೆಲೆಯಲ್ಲಿ ಸಾಗಿಸದೆ ಬಿಟ್ಟಿದ್ದ ಯುದ್ಧ ವಿಮಾನಗಳು ನೀರಿನಲ್ಲಿ ಮುಳುಗಿ ಹಾಳಾದವು. ಅದನ್ನು ಯಾರೂ ವಿಧಿವಾದ ಎಂದು ಕರೆಯಲಿಲ್ಲ. ಬಡವನ ತಡಕ್ಕೆ ಮಾತ್ರ ಆ ಹೆಸರು.

ಅದೇ ಸಮೀಕ್ಷೆಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 26 ಮತ್ತು ನಲವತ್ತು ದಾಟಿದ ಹೆಂಗಸರಲ್ಲಿ ಶೇಕಡಾ 31 ಮಂದಿ ಸತ್ತಿದ್ದು ಕಂಡುಬಂತು. ಗಂಡ ಹೊರಗಿದ್ದಾನೆ, ಅವನು ಬರುವವರೆಗೆ ಮನೆ ಬಿಡುವುದು ಹೇಗೆಂದು ಕಾದವರಿದ್ದರು. ಪರಪುರುಷರ ನಡುವೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯುವುದಕ್ಕೆ ಹಿಂಜರಿದವರಿದ್ದರು. ನೀರಿನಲ್ಲಿ ಆರು ಗಜದ ಸೀರೆ ಕಾಲಿಗೆ ಸುತ್ತಿಕೊಂಡು, ಕಂಕುಳಲ್ಲಿ ಮಗುವನ್ನು ಹಿಡಿದು ಈಜಲಾಗದೆ ಮುಳುಗಿದವರಿದ್ದರು. ಇಲ್ಲಿ ನಮ್ಮ ಸಮಾಜಗಳು ಆತ್ಮವಿಮರ್ಶೆ ಮಾಡಿಕೊಳ್ಳಬೇಕು. ಹೆಣ್ಣಿನ ಮಾನವನ್ನು ಕಾಯುವ ಹೆಸರಿನಲ್ಲಿ ಆಕೆಯ ಪ್ರಾಣವನ್ನೇ ಅಪಾಯಕ್ಕೊಡ್ಡುವ ಕಟ್ಟಳೆಗೆ ಧರ್ಮದ ಸಮರ್ಥನೆಯಿಲ್ಲ. ಜೀವರಕ್ಷಣೆ ಶರೀಅತ್‌ನ ಮೂಲ ಉದ್ದೇಶಗಳಲ್ಲೊಂದು ಎಂಬುದನ್ನು ವಿದ್ವಾಂಸರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಹಾಗೆಯೇ, ಹೆಂಗಸರಿಗೆ ಬೇರೆ ಕೋಣೆಯಿಲ್ಲದ, ಶೌಚಾಲಯವಿಲ್ಲದ ಆಶ್ರಯತಾಣವನ್ನು ಕಟ್ಟಿ, ಅವರು ಬರಲಿಲ್ಲ ಎಂದು ದೂರುವುದೂ ನ್ಯಾಯವಲ್ಲ.

ಶಾಲೆಯೇ ಆಸರೆ

1991ರ ನಂತರ ಎಂಜಿನಿಯರ್ ಜಮೀಲುರ್ ರೆಝಾ ಚೌಧುರಿ ಅವರ ಮುಂದಾಳತ್ವದಲ್ಲಿ ತಜ್ಞರ ತಂಡವೊಂದು ಇಡೀ ತೀರಕ್ಕೆ ಆಶ್ರಯತಾಣಗಳ ನಕ್ಷೆ ಸಿದ್ಧಪಡಿಸಿತು. ಎತ್ತರದ ಕಂಬಗಳ ಮೇಲೆ ನಿಂತ ಕಾಂಕ್ರೀಟು ಕಟ್ಟಡ. ಕೆಳಗೆ ಬಯಲು, ಅಲೆ ಅಡಿಯಿಂದ ಹರಿದುಹೋಗಲಿ ಎಂದು. ಮೇಲಿನ ಅಂತಸ್ತಿನಲ್ಲಿ ದಿನಾ ನಡೆಯುವ ಪ್ರಾಥಮಿಕ ಶಾಲೆ. ಈ ಕೊನೆಯ ಅಂಶದಲ್ಲೇ ಜಾಣತನವಿದೆ. ವರ್ಷಕ್ಕೊಮ್ಮೆ ಬೇಕಾಗುವ ಕಟ್ಟಡಕ್ಕೆ ಬೀಗ ಬೀಳುತ್ತದೆ, ಬೀಗಕ್ಕೆ ತುಕ್ಕು ಹಿಡಿಯುತ್ತದೆ, ಬೇಕಾದ ರಾತ್ರಿ ಬೀಗದ ಕೈ ಸಿಗುವುದಿಲ್ಲ. ಶಾಲೆಯಾದರೆ ದಿನವೂ ಬಾಗಿಲು ತೆರೆಯುತ್ತದೆ. ಮಗುವಿಗೆ ದಾರಿ ಗೊತ್ತಿರುತ್ತದೆ, ತಾಯಿಗೆ ಅಲ್ಲಿನ ಮೆಟ್ಟಿಲು ಅಪರಿಚಿತವಲ್ಲ. ಇಂದು ಆ ತೀರದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಆಶ್ರಯತಾಣಗಳಿವೆ. ಬರಬರುತ್ತಾ ಹೆಂಗಸರಿಗೆ ಪ್ರತ್ಯೇಕ ಕೋಣೆ, ಅಂಗವಿಕಲರಿಗೆ ಇಳಿಜಾರು ದಾರಿ, ಜಾನುವಾರುಗಳಿಗೆ ಜಾಗ ಇವೂ ಸೇರಿಕೊಂಡವು. ಸ್ವಯಂಸೇವಕರ ಸಂಖ್ಯೆ 76 ಸಾವಿರ ದಾಟಿದೆ, ಅವರಲ್ಲಿ ಅರ್ಧದಷ್ಟು ಮಂದಿ ಮಹಿಳೆಯರು. ಹೆಣ್ಣೊಬ್ಬಳು ಬಂದು ಕರೆದಾಗ ಮನೆಯೊಳಗಿನ ಹೆಣ್ಣು ಹೊರಡುವುದು ಸುಲಭ.

2007ರ ನವೆಂಬರ್ 15ರಂದು ಬಂದ ಸಿಡ್ರ್ 1970 ಮತ್ತು 1991ರ ತೂಫಾನುಗಳ ಸಾಲಿಗೆ ಸೇರುವಷ್ಟು ಬಲಶಾಲಿಯಾಗಿತ್ತು. ಸತ್ತವರು 3,406. ಒಂದೊಂದೂ ನೋವಿನ ಸಾವೇ. ಆದರೆ ಲಕ್ಷಗಳ ಲೆಕ್ಕ ಸಾವಿರಗಳಿಗೆ ಇಳಿದಿತ್ತು. ಸುಂದರಬನದ ಕಾಡು ಆ ಹೊಡೆತದ ಒಂದು ಪಾಲನ್ನು ತಾನೇ ತಿಂದು ಹಳ್ಳಿಗಳನ್ನು ಕಾಯಿತು. ಆಗಲೂ ಕೆಲವರು ಹೊರಡಲಿಲ್ಲ. ಎರಡು ತಿಂಗಳ ಹಿಂದೆ ಬಂದ ಸುನಾಮಿಯ ಎಚ್ಚರಿಕೆ ಹುಸಿಯಾಗಿದ್ದುದು ಅದಕ್ಕೊಂದು ಕಾರಣವೆಂದು ಆಮೇಲೆ ತಿಳಿದುಬಂತು. ನಂಬಿಕೆಯನ್ನು ಗಳಿಸಲು ದಶಕಗಳು ಬೇಕು, ಕಳೆಯಲು ಒಂದು ಹುಸಿ ಕರೆ ಸಾಕು.

2020ರ ಮೇ 20ರಂದು ಅಂಫನ್ ಬಂದಾಗಲೂ ರಮಝಾನ್. ಉಪವಾಸದ ಕೊನೆಯ ದಿನಗಳು, ಜೊತೆಗೆ ಕೊರೋನಾದ ಭೀತಿ. 24 ಲಕ್ಷ ಜನರನ್ನು ಸ್ಥಳಾಂತರಿಸಲಾಯಿತು. ಗುಂಪು ಸೇರಬಾರದೆಂದು ಹೆಚ್ಚಿನ ಶಾಲಾ ಕಟ್ಟಡಗಳನ್ನು ತೆರೆಯಲಾಯಿತು. ಐವತ್ತು ವರ್ಷಗಳ ಹಿಂದಿನ ರಮಝಾನ್‌ನಲ್ಲಿ 'ವಿಧಿವಾದಿಗಳು' ಎನಿಸಿಕೊಂಡವರ ಮೊಮ್ಮಕ್ಕಳು ಇವರು. ನಂಬಿಕೆ ಬದಲಾಗಿರಲಿಲ್ಲ. ಹೋಗಲು ಜಾಗ ಸಿಕ್ಕಿತ್ತು, ಕರೆಯುವ ದನಿ ಪರಿಚಿತವಾಗಿತ್ತು.

ಗಡಿಯಾಚೆಯ ಸಾವು

ಇದು ಬರೀ ಹವಾಮಾನದ ಮಾತಲ್ಲ ಎಂಬುದಕ್ಕೆ ಪಕ್ಕದ ಮ್ಯಾನ್ಮಾರ್ ಸಾಕ್ಷಿ. ಸಿಡ್ರ್ ಬಂದು ಆರು ತಿಂಗಳೂ ಕಳೆದಿರಲಿಲ್ಲ, 2008ರ ಮೇ 2ರಂದು ಐರಾವತಿ ನದಿಯ ಮುಖಜ ಭೂಮಿಗೆ ನರ್ಗಿಸ್ ಅಪ್ಪಳಿಸಿತು. ಭಾರತದ ಹವಾಮಾನ ಇಲಾಖೆ ಮುಂಚೆಯೇ ಎಚ್ಚರಿಕೆ ಕಳಿಸಿತ್ತು. ಅದು ಹಳ್ಳಿಗೆ ಇಳಿಯಲಿಲ್ಲ. ಸತ್ತವರು ಮತ್ತು ಕಾಣೆಯಾದವರು ಸೇರಿ ಸುಮಾರು 1,38,000. ಅಲ್ಲಿನ ಸೇನಾ ಸರಕಾರ ವಾರಗಳ ಕಾಲ ವಿದೇಶಿ ನೆರವಿಗೆ ಅಡ್ಡಿಯಾಯಿತು. ತಾನು ಘೋಷಿಸಿದ್ದ ಜನಮತಗಣನೆಯನ್ನು ಮಾತ್ರ ದೇಶದ ಹೆಚ್ಚಿನ ಭಾಗದಲ್ಲಿ ನಿಗದಿಯಾದ ದಿನವೇ ನಡೆಸಿತು.

2023ರ ಮೇ 14ರಂದು ಮೋಖಾ ಚಂಡಮಾರುತ ಎರಡು ದೇಶಗಳ ಗಡಿಯ ಬಳಿ ದಡ ಸೇರಿತು. ಬಾಂಗ್ಲಾದೇಶದ ಕಡೆ ಸಾವಿನ ವರದಿಯಾಗಲಿಲ್ಲ. ಕಾಕ್ಸ್ ಬಜಾರಿನ ನಿರಾಶ್ರಿತ ಶಿಬಿರಗಳಲ್ಲಿ ರೋಹಿಂಗ್ಯಾ ಸ್ವಯಂಸೇವಕರೇ ತರಬೇತಿ ಪಡೆದು ಮೆಗಾಫೋನ್ ಹಿಡಿದು ಎಚ್ಚರಿಸಿದ್ದರು. ತೂಫಾನಿನ ಹೆಚ್ಚಿನ ಬಲ ಬಿದ್ದದ್ದು ಮ್ಯಾನ್ಮಾರ್ ಕಡೆ ಎಂಬುದು ನಿಜ. ಆದರೆ ಅಲ್ಲಿ ಸೈನ್ಯದ ಲೆಕ್ಕದಲ್ಲೇ ಸತ್ತ 145 ಜನರಲ್ಲಿ 117 ಮಂದಿ ರೋಹಿಂಗ್ಯಾಗಳು. ಸಿಟ್ವೆಯ ಸುತ್ತ 2012ರಿಂದ ಶಿಬಿರಗಳಲ್ಲಿ ಕೂಡಿಹಾಕಲ್ಪಟ್ಟವರು, ಪರವಾನಗಿಯಿಲ್ಲದೆ ಹೊರಗೆ ಕಾಲಿಡಲಾಗದವರು. ಸತ್ತವರಲ್ಲಿ ಬಹುಪಾಲು ಒಂದೇ ಸಮುದಾಯದವರಾಗಿದ್ದರೆ ಅದಕ್ಕೆ ಗಾಳಿಯನ್ನು ದೂರಲಾಗದು.

ಉಳಿದ ಸಾಲ

ಬಾಂಗ್ಲಾದೇಶ ಎಲ್ಲವನ್ನೂ ಗೆದ್ದಿದೆ ಎಂದೇನೂ ಇಲ್ಲ. 2009ರ ಮೇ ತಿಂಗಳ ಐಲಾದಲ್ಲಿ ಸತ್ತವರು ಸುಮಾರು 190. ಆದರೆ ಒಡ್ಡುಗಳು ಒಡೆದು ಹೊಲಗಳಿಗೆ ಉಪ್ಪು ನೀರು ನುಗ್ಗಿತು. ಅನೇಕ ಕುಟುಂಬಗಳು ವರ್ಷಗಟ್ಟಲೆ ಒಡ್ಡುಗಳ ಮೇಲೆಯೇ ಬದುಕಿದವು, ಎಷ್ಟೋ ಜನ ನಗರಗಳ ಕೊಳೆಗೇರಿ ಸೇರಿದರು. ಜೀವ ಉಳಿಸುವುದನ್ನು ಕಲಿತ ನಾಡು ಜೀವನ ಉಳಿಸುವುದನ್ನು ಇನ್ನೂ ಕಲಿಯುತ್ತಿದೆ. ಸಮುದ್ರ ಮೇಲೇರುತ್ತಿರುವ ಈ ಕಾಲದಲ್ಲಿ ಆ ಪಾಠ ಹೆಚ್ಚು ಕಷ್ಟದ್ದು.

ಭಾರತದಲ್ಲಿ ಒಡಿಶಾ ಇದೇ ದಾರಿಯಲ್ಲಿ ನಡೆಯಿತು. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಹತ್ತು ಸಾವಿರದಷ್ಟು ಜನ ಸತ್ತರು. 2013ರ ಫೈಲಿನ್‌ನಲ್ಲಿ ಆ ಸಂಖ್ಯೆ ಐವತ್ತರೊಳಗೆ ಇಳಿಯಿತು. ಅರಬಿ ಸಮುದ್ರ ಬಂಗಾಳ ಕೊಲ್ಲಿಯಷ್ಟು ಕ್ರೂರವಲ್ಲ ಎಂಬ ನೆಮ್ಮದಿಯಲ್ಲಿ ನಾವಿದ್ದೆವು. 2017ರ ಓಖಿ ಕೇರಳ ಮತ್ತು ತಮಿಳುನಾಡಿನ ಮೀನುಗಾರರನ್ನು ನಡುಗಡಲಿನಲ್ಲಿ ಹಿಡಿಯಿತು. ಮೊದಲೇ ಕಡಲಿಗಿಳಿದಿದ್ದವರಿಗೆ ಎಚ್ಚರಿಕೆ ತಲುಪಿರಲಿಲ್ಲ. 2021ರ ತೌಕ್ತೆ ನಮ್ಮದೇ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ದಡಗಳನ್ನು ಕೊರೆದು ಹೋಯಿತು. ಚಂಡಮಾರುತದ ಅಪಾಯ ತಗ್ಗಿಸುವ ರಾಷ್ಟ್ರೀಯ ಯೋಜನೆಯ ಎರಡನೇ ಹಂತದಲ್ಲಿ ಕರ್ನಾಟಕವೂ ಸೇರಿತು, ನಮ್ಮ ಕರಾವಳಿಯಲ್ಲೂ ಆಶ್ರಯತಾಣಗಳು ಎದ್ದಿವೆ.

ಕಟ್ಟಡ ಎದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧದ ಕುರಿತು ಬಂಗಾಳದ ತೀರ ನಮ್ಮನ್ನು ಕೇಳುವ ಪ್ರಶ್ನೆಗಳು ಸರಳವಾಗಿವೆ. ಆ ಕಟ್ಟಡದ ಬೀಗದ ಕೈ ಯಾರ ಬಳಿಯಿದೆ? ಅದರ ದಾರಿ ಊರಿನ ಮಕ್ಕಳಿಗೆ ಗೊತ್ತೇ? ನಡುರಾತ್ರಿ ಬಾಗಿಲು ಬಡಿಯುವವರು ಯಾರು, ಅವರು ನಮ್ಮ ಮೊಹಲ್ಲಾದ ಬಾಗಿಲನ್ನೂ ಪಕ್ಕದ ಕೇರಿಯ ಬಾಗಿಲನ್ನೂ ಒಂದೇ ರೀತಿ ಬಡಿಯುತ್ತಾರೆಯೇ? ಒಂಟಿಯಾಗಿರುವ ಮುದುಕಿಯನ್ನು ಎತ್ತಿಕೊಂಡು ಬರುವ ಹೊಣೆ ಯಾರಿಗೆ ವಹಿಸಲಾಗಿದೆ?

ಬಕ್ಲಾದಲ್ಲಿ ಆ ಮಧ್ಯಾಹ್ನ ಎತ್ತರದ ಜಾಗ ರಾಜನ ಮಗನಿಗೆ ಸಿಕ್ಕಿತು, ವ್ಯಾಪಾರಿಗೆ ಸಿಕ್ಕಿತು. ಅದು ಎಲ್ಲರಿಗೂ ಸಿಗುವಂತಾಗಲು ನಾಲ್ಕು ನೂರು ವರ್ಷಗಳೂ ಲಕ್ಷಾಂತರ ಜೀವಗಳೂ ಬೇಕಾದವು. ತೂಫಾನನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆ ಮೆಟ್ಟಿಲನ್ನು ಎಲ್ಲರಿಗೂ ತೆರೆದಿಡುವುದು ನಮ್ಮ ಕೈಯಲ್ಲಿದೆ.